ನಾಲ್ಕೂ ಡ್ರಮ್ ಇರುವ ಹಳೆಯ ಕಾರಿಗೆ ಮುಂದೆ ಡಿಸ್ಕ್ ಹಾಕಬೇಕು, ಎಲ್ಲಿಂದ ಶುರು ಮಾಡಲಿ?

ಹಳೇಗಾಡಿ:

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ ಕಾರು ಈಗ ನನ್ನ ಕೈಯಲ್ಲಿದೆ. ವಯಸ್ಸು 40 ದಾಟಿದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಕಾಲಿನ ಒತ್ತಿಗೆ ಬಲ ಸೇರಿಸುವ ಬೂಸ್ಟರ್ ಇಲ್ಲ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೇ ಕಾಲದ್ದು, ನಾಲ್ಕೂ ಚಕ್ರಕ್ಕೆ ಒಂದೇ ಲೈನ್. ತೂಕ ಸುಮಾರು 1000 ಕೆಜಿ, 13 ಇಂಚಿನ ಚಕ್ರ.

ಕಳೆದ ವಾರ ಬೆಟ್ಟದಿಂದ ಇಳಿಯುತ್ತಿದ್ದೆವು. ಒಟ್ಟು ನಾಲ್ಕು ಜನ. ಅರ್ಧ ದಾರಿ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಪೆಡಲ್ ಪ್ರತಿ ಸಲವೂ ಸ್ವಲ್ಪ ಕೆಳಗೆ ಹೋಗತೊಡಗಿತು. ಒಂದು ತಿರುವಿನಲ್ಲಿ ಒತ್ತಿದರೆ ಪೆಡಲ್ ನೆಲದ ಹತ್ತಿರ ಹೋಗಿದೆ, ಕಾರು ಓಡುತ್ತಲೇ ಇದೆ. ಪಂಪ್ ಮಾಡಿ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ಹೇಗೋ ಪಕ್ಕಕ್ಕೆ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲದ ಹಾಗೆ ಬ್ರೇಕ್ ಹಿಡಿಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದರು. ಅವತ್ತಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ.

ಇದೇ ಕಾರಿನ ನಂತರದ ಮಾಡೆಲ್‌ಗೆ ಮುಂದೆ ಡಿಸ್ಕ್ ಬಂದಿತ್ತು. ಆ ಸೆಟ್ ತಂದು ಹಾಕಿದರೆ ಸಾಕಾ? ಬೇರೆ ಏನೇನು ಬದಲಿಸಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಗ್ರೀಸ್‌ಕೈ:

ಮೊದಲು ಎಲ್ಲರೂ ಕ್ಷೇಮವಾಗಿ ಬಂದಿರಲ್ಲ, ಅದು ಸಮಾಧಾನ.

ಡಿಸ್ಕ್ ವಿಷಯ ಆಮೇಲೆ ಮಾತಾಡೋಣ. 30 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. "ಬ್ರೇಕ್ ಸಾಲುತ್ತಿಲ್ಲ, ದೊಡ್ಡದು ಹಾಕಿ" ಅಂತ ಬರುವ ಹಳೇ ಕಾರುಗಳಲ್ಲಿ ಹೆಚ್ಚಿನವಕ್ಕೆ ಇರುವ ಬ್ರೇಕೇ ಪೂರ್ತಿ ಕೆಲಸ ಮಾಡುತ್ತಿರುವುದಿಲ್ಲ. ಕೆಟ್ಟಿರುವ ಬ್ರೇಕಿನ ಮೇಲೆ ಹೊಸದನ್ನು ಕೂರಿಸಿದರೆ ಹಳೇ ರೋಗ ಒಳಗೇ ಉಳಿಯುತ್ತದೆ.

ಒಂದು ವಿಷಯ ನೆನಪು ಮಾಡಿಕೊಂಡು ಹೇಳಿ. ಬ್ರೇಕ್ ಕೈಕೊಟ್ಟಾಗ ಪೆಡಲ್ ಹೇಗಿತ್ತು? ಬಿಸಿಗೆ ಬ್ರೇಕ್ ಸೋಲುವುದರಲ್ಲಿ ಮೂರು ಬಗೆ ಇದೆ.

ಪೆಡಲ್ ಮೇಲೇ ಇದೆ, ಕಲ್ಲಿನ ಹಾಗೆ ಗಟ್ಟಿ ಇದೆ, ಆದರೂ ಕಾರು ನಿಲ್ಲುತ್ತಿಲ್ಲ ಅಂದರೆ ಡ್ರಮ್ಮಿಗೆ ಉಜ್ಜುವ ಲೈನರ್ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ನಿಧಾನಕ್ಕೆ ಉದ್ದವಾಗುತ್ತಾ ಹೋಯಿತು, ಆದರೆ ಕೊನೆಯಲ್ಲಿ ಗಟ್ಟಿಯಾಗಿ ಸಿಕ್ಕಿತು ಅಂದರೆ ಡ್ರಮ್ ಕಾದು ಹಿಗ್ಗಿ ಅದನ್ನು ಒಳಗಿನಿಂದ ಒತ್ತುವ ಶೂನಿಂದ ದೂರ ಹೋಗಿದೆ. ಸ್ಪಂಜಿನ ಹಾಗೆ ಮೆತ್ತಗಾಗಿ ನೆಲಕ್ಕೆ ಹೋಯಿತು, ಪಂಪ್ ಮಾಡಿದರೆ ಸ್ವಲ್ಪ ಬಂತು ಅಂದರೆ ಬ್ರೇಕ್ ಆಯಿಲ್ ಕುದಿದು ಒಳಗೆ ಆವಿ ತುಂಬಿದೆ. ನಿಮ್ಮದು ಯಾವುದು?

ಹಳೇಗಾಡಿ:

ಮೊದಲು ಉದ್ದವಾಯಿತು. ಕೊನೆಗೆ ಮೆತ್ತಗಾಯಿತು. ಪಂಪ್ ಮಾಡಿದಾಗ ಸ್ವಲ್ಪ ಸಿಕ್ಕಿದ್ದು ನಿಜ. ಆಯಿಲ್ ಕೊನೆಯ ಸಲ ಬದಲಿಸಿದ್ದು ಯಾವಾಗ ಅಂತ ಲೆಕ್ಕ ಹಾಕಿದೆ. ಕಡಿಮೆ ಅಂದರೂ 6 ವರ್ಷ ಆಗಿದೆ.

ಲೆಕ್ಕದವ:

6 ವರ್ಷ ಅನ್ನುವುದೇ ಅರ್ಧ ಉತ್ತರ. ಮಾಮೂಲಿ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಬ್ಬದ ಮೇಲೆ ಎರಡು ಅಂಕಿ ಇರುವುದು ಅದಕ್ಕೇ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಸುಮಾರು 3.7 ಶೇಕಡಾ ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಡ್ರಮ್ಮಿನಿಂದ ಹಾದುಬಂದ ಬಿಸಿಯಲ್ಲಿ ಚಕ್ರದ ಹತ್ತಿರ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ 140 ಮುಟ್ಟುವುದು ಇಳಿಜಾರಿನಲ್ಲಿ ಏನೂ ದೊಡ್ಡದಲ್ಲ.

ಇಳಿಜಾರಿನ ಬಿಸಿ ಎಷ್ಟು ಅಂತ ನೋಡಿ. 1000 ಕೆಜಿ ಕಾರು 100 ಕಿಮೀ ವೇಗದಲ್ಲಿದ್ದಾಗ ಅದನ್ನು ಪೂರ್ತಿ ನಿಲ್ಲಿಸಲು ಸುಮಾರು 386 ಕಿಲೋಜೂಲ್ ಶಕ್ತಿಯನ್ನು ಬ್ರೇಕ್ ಬಿಸಿಯಾಗಿ ನುಂಗಬೇಕು. 50ರ ವೇಗದಿಂದಾದರೆ 96 ಸಾಕು. ವೇಗ ಅರ್ಧವಾದರೆ ಬಿಸಿ ಕಾಲು ಭಾಗ. ಅದೇ ಕಾರು 500 ಮೀಟರ್ ಎತ್ತರದಿಂದ ಕೆಳಗೆ ಇಳಿದರೆ? 4900 ಕಿಲೋಜೂಲ್. ಅಂದರೆ 100ರ ವೇಗದಿಂದ ಬಿಡುವಿಲ್ಲದೆ ಹನ್ನೆರಡು ಹದಿಮೂರು ಸಲ ನಿಲ್ಲಿಸಿದಷ್ಟು. ನಾಲ್ಕು ಜನ ಕೂತಿದ್ದರೆ ಇನ್ನೂ ಕಾಲು ಭಾಗ ಸೇರಿಸಿ. ಇದರಲ್ಲಿ ಗಾಳಿ ಸ್ವಲ್ಪ ತಿನ್ನುತ್ತದೆ. ಎಂಜಿನ್ ಎಷ್ಟು ತಿನ್ನುತ್ತದೆ ಎನ್ನುವುದು ನೀವು ಯಾವ ಗೇರಿನಲ್ಲಿದ್ದಿರಿ ಎನ್ನುವುದರ ಮೇಲೆ ನಿಂತಿದೆ. ಮಿಕ್ಕಿದ್ದೆಲ್ಲ ಬ್ರೇಕಿಗೆ.

ಯಾವ ಗೇರಿನಲ್ಲಿ ಇಳಿದಿರಿ?

ಹಳೇಗಾಡಿ:

ಟಾಪ್ ಗೇರ್. ತಪ್ಪು ಅಂತ ಈಗ ಗೊತ್ತಾಗಿದೆ.

ಗೇರ್‌ಗೆಳತಿ:

ಬೆಟ್ಟ ಹತ್ತಲು ಯಾವ ಗೇರ್ ಬೇಕಾಯಿತೋ ಇಳಿಯಲೂ ಅದೇ ಗೇರ್. ನನಗೆ ಡ್ರೈವಿಂಗ್ ಕಲಿಸಿದ ಚಿಕ್ಕಪ್ಪ ಹೇಳಿದ್ದು, ಇವತ್ತಿಗೂ ಬಿಟ್ಟಿಲ್ಲ.

ಇನ್ನೊಂದು, ಯಾರೂ ಕೇಳಿಲ್ಲ ಅಂತ ಕೇಳುತ್ತಿದ್ದೇನೆ. ಟಯರ್ ಎಷ್ಟು ಹಳೆಯದು? ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ನೇ ಇಸವಿಯ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮೊದಲಿನ ಟಯರ್, ಇವತ್ತೇ ಬಿಚ್ಚಿ. ಹಳೇ ಕಾರು ಕಡಿಮೆ ಓಡುವುದರಿಂದ ಟಯರ್ ಸವೆಯುವುದಿಲ್ಲ, ಆದರೆ ರಬ್ಬರ್ ಗಟ್ಟಿಯಾಗುತ್ತದೆ. ಬ್ರೇಕ್ ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ಟಯರ್.

ಲೆಕ್ಕದವ:

ಅಕ್ಕ ಹೇಳಿದ್ದು ಬಹಳ ಮುಖ್ಯ. ಈಗಿನ ಡ್ರಮ್ಮೇ ಚಕ್ರವನ್ನು ಲಾಕ್ ಮಾಡುವಷ್ಟು ಹಿಡಿಯುತ್ತಿದ್ದರೆ, ಒಂದೇ ಒಂದು ಸಲ ನಿಲ್ಲುವ ದೂರ ಡಿಸ್ಕ್ ಹಾಕಿದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ಡಿಸ್ಕಿನ ಲಾಭ ಎರಡನೇ, ಐದನೇ, ಹತ್ತನೇ ಸಲ ಒತ್ತುವಾಗ ಗೊತ್ತಾಗುತ್ತದೆ. ಅದು ಗಾಳಿಗೆ ತೆರೆದಿರುತ್ತದೆ, ಬೇಗ ತಣಿಯುತ್ತದೆ. ಕಾದು ಹಿಗ್ಗಿದರೂ ಅದನ್ನು ಎರಡೂ ಬದಿಯಿಂದ ಅದುಮುವ ಪ್ಯಾಡ್‌ನಿಂದ ದೂರ ಹೋಗುವುದಿಲ್ಲ. 1953ರ ಲ ಮಾನ್ 24 ಗಂಟೆಗಳ ರೇಸನ್ನು ಜಾಗ್ವಾರ್ ಸಿ-ಟೈಪ್ ಕಾರು ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿಕೊಂಡು ಗೆದ್ದಾಗ ಎಲ್ಲರ ಕಣ್ಣಿಗೆ ಬಿದ್ದದ್ದು ಇದೇ ಗುಣ. ಸುತ್ತಿನ ಮೇಲೆ ಸುತ್ತು ಬ್ರೇಕ್ ಅಷ್ಟೇ ಚೆನ್ನಾಗಿ ಹಿಡಿಯುತ್ತಿತ್ತು.

ಹಾಗಾಗಿ ನಿಮ್ಮ ಸಮಸ್ಯೆ ಬಿಸಿಯದ್ದಾದರೆ ಡಿಸ್ಕ್ ಸರಿಯಾದ ಉತ್ತರವೇ. ಆದರೆ ಗ್ರೀಸ್‌ಕೈ ಅಣ್ಣ ಹೇಳಿದ ಹಾಗೆ ಮೊದಲು ಇರುವುದನ್ನು ಬಿಚ್ಚಿ ನೋಡಿ.

ಗ್ರೀಸ್‌ಕೈ:

ಬಿಚ್ಚುವ ಮೊದಲು ಒಂದು ಎಚ್ಚರಿಕೆ, ಸುಮ್ನೆ ಓದಿ ಬಿಡಬೇಡಿ. ಆ ವಯಸ್ಸಿನ ಲೈನರ್‌ನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ತೆಗೆದ ತಕ್ಷಣ ಏರ್ ಹೊಡೆದು ಧೂಳು ಹಾರಿಸುವ ಅಭ್ಯಾಸ ಎಲ್ಲ ಕಡೆ ಇದೆ. ಮಾಡಬೇಡಿ. ಬಾಯಿಂದಲೂ ಊದಬೇಡಿ. ಧೂಳನ್ನು ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಾಕಿ. ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ನನಗೆ ಕೆಲಸ ಕಲಿಸಿದ ಮೇಸ್ತ್ರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಹಳೇಗಾಡಿ:

ಎರಡು ದಿನ ರಜೆ ಹಾಕಿ ನಾಲ್ಕೂ ಡ್ರಮ್ ಬಿಚ್ಚಿದೆ. ಧೂಳನ್ನು ನೀರು ಸಿಂಪಡಿಸಿ ಒರೆಸಿದೆ. ಕಂಡದ್ದು ಇಷ್ಟು.

ಮುಂದಿನ ಬಲಚಕ್ರದ ವೀಲ್ ಸಿಲಿಂಡರ್ ಒಸರುತ್ತಿದೆ. ರಬ್ಬರ್ ಬೂಟ್ ಎತ್ತಿದರೆ ಒಳಗೆ ಆಯಿಲ್. ಆ ಶೂನ ಲೈನರ್ ಅರ್ಧ ನೆನೆದಿದೆ. ಮುಂದಿನ ಎಡಚಕ್ರದ ಲೈನರ್ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಹಿಂದಿನ ಎರಡೂ ಅಡ್ಜಸ್ಟರ್ ತುಕ್ಕು ಹಿಡಿದು ಜಾಮ್. ಶೂ ಮತ್ತು ಡ್ರಮ್ ನಡುವೆ ಎಷ್ಟು ಜಾಗ ಇತ್ತು ಅಂದರೆ ಹಿಂದಿನ ಬ್ರೇಕ್ ಹೆಚ್ಚುಕಡಿಮೆ ಇರಲೇ ಇಲ್ಲ. ಎಲ್ಲ ಭಾರ ಮುಂದಿನ ಒಂದೂವರೆ ಡ್ರಮ್ಮಿನ ಮೇಲೆ ಬಿದ್ದಿತ್ತು. ಹೋಸ್‌ಗಳು ಹೊರಗೆ ಚೆನ್ನಾಗಿವೆ, ಬಗ್ಗಿಸಿದರೆ ಸೀಳು ಕಾಣುತ್ತದೆ. ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣ.

ಟಯರ್ 11 ವರ್ಷದ್ದು. ಅದನ್ನೂ ಬದಲಿಸುತ್ತಿದ್ದೇನೆ, ಅಕ್ಕ.

ಕಲಿಯುವವ:

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಇದನ್ನೆಲ್ಲ ಸರಿ ಮಾಡಿದರೆ ಡಿಸ್ಕೇ ಬೇಡ ಅಂತಾಯಿತಲ್ವಾ?

ಬೆಟ್ಟದದಾರಿ:

ಬೇಡ ಅಂತಲೇ ನನ್ನ ಅಭಿಪ್ರಾಯ. ಇಂಥದ್ದೇ ಕಾರನ್ನು ಬೆಟ್ಟದ ಊರಿನಲ್ಲಿ ಇಟ್ಟುಕೊಂಡು 20 ವರ್ಷ ಆಯಿತು. ನಾಲ್ಕೂ ಡ್ರಮ್. ಲೇತಿನಲ್ಲಿ ಡ್ರಮ್ ದುಂಡಗೆ ತೆಗೆಸಿ, ಅದೇ ದುಂಡಿಗೆ ಲೈನರ್ ಉಜ್ಜಿಸಿ ಕೂರಿಸಿದರೆ ಬ್ರೇಕ್ ಎಷ್ಟು ಚೆನ್ನಾಗಿ ಹಿಡಿಯುತ್ತದೆ ಅಂತ ನೋಡಿದವರಿಗೇ ಗೊತ್ತು. ಡ್ರಮ್ಮಿನ ಒಳಗೆ ಮುಂದಿನ ಶೂ ತಿರುಗುವ ಡ್ರಮ್ಮಿಗೆ ಸಿಕ್ಕಿ ತಾನೇ ಇನ್ನಷ್ಟು ಒಳಹೊಕ್ಕು ಒತ್ತುತ್ತದೆ. ಬೂಸ್ಟರ್ ಇಲ್ಲದೆ ಕಾಲಿನ ಬಲಕ್ಕೇ ಕಾರು ನಿಲ್ಲುವುದು ಅದರಿಂದ. ಡಿಸ್ಕಿಗೆ ಈ ಗುಣ ಇಲ್ಲ.

ಒಂದು ಬದಲಾವಣೆ ಮಾತ್ರ ಎಲ್ಲಕ್ಕಿಂತ ಮೊದಲು ಮಾಡಿ ಅಂತ ಕೈಮುಗಿದು ಹೇಳುತ್ತೇನೆ. ಆ ಸಿಂಗಲ್ ಮಾಸ್ಟರ್ ಸಿಲಿಂಡರ್ ತೆಗೆದು ಎರಡು ಸರ್ಕ್ಯೂಟಿನದು ಹಾಕಿ. ಈಗ ನಿಮ್ಮ ಕಾರಿನ ಯಾವುದೋ ಒಂದು ಪೈಪಿಗೆ ತೂತು ಬಿದ್ದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಎರಡು ಸರ್ಕ್ಯೂಟ್ ಇದ್ದರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ಡಿಸ್ಕ್ ಕಣ್ಣಿಗೆ ಚೆಂದ ಕಾಣುತ್ತದೆ ಅಂತ ಜನ ಅದನ್ನು ಮೊದಲು ಹಾಕುತ್ತಾರೆ. ಜೀವ ಉಳಿಸುವುದು ಬಾನೆಟ್ಟಿನ ಒಳಗೆ ಯಾರಿಗೂ ಕಾಣದ ಈ ಸಿಲಿಂಡರ್.

ಹಳೇಗಾಡಿ:

ನಿಮ್ಮ ಮಾತು ಒಪ್ಪುತ್ತೇನೆ ಸರ್. ಎರಡು ಸರ್ಕ್ಯೂಟ್ ಹಾಕಿಯೇ ಹಾಕುತ್ತೇನೆ. ಆದರೆ ವರ್ಷಕ್ಕೆ ಐದಾರು ಸಲ ಆ ಬೆಟ್ಟ ಇಳಿಯುವುದು ತಪ್ಪುವುದಿಲ್ಲ, ಅದೂ ಕಾರು ತುಂಬಾ ಜನರನ್ನು ಕೂರಿಸಿಕೊಂಡು. ಹಾಗಾಗಿ ಮುಂದೆ ಡಿಸ್ಕ್ ಹಾಕುವುದು ಅಂತ ತೀರ್ಮಾನ ಮಾಡಿದ್ದೇನೆ. ಹಿಂದೆ ಡ್ರಮ್ಮೇ ಇರಲಿ, ಹ್ಯಾಂಡ್ ಬ್ರೇಕ್ ಅದರಲ್ಲೇ ಇದೆ.

ಗ್ರೀಸ್‌ಕೈ:

ಸರಿ, ಹಾಗಾದರೆ ಕ್ರಮವಾಗಿ ಮಾಡೋಣ.

ಅದೇ ಕಾರಿನ ನಂತರದ ಮಾಡೆಲ್ಲಿನ ಸಾಮಾನು ಸಿಗುತ್ತದೆ ಅಂದಿರಿ. ಅದು ನಿಮ್ಮ ಅದೃಷ್ಟ. ಸ್ಟಬ್ ಆಕ್ಸಲ್, ಹಬ್, ಡಿಸ್ಕ್, ಪ್ಯಾಡ್ ಹಿಡಿದು ಡಿಸ್ಕಿಗೆ ಒತ್ತುವ ಕ್ಯಾಲಿಪರ್, ಕ್ಯಾಲಿಪರ್ ಕೂರುವ ಬ್ರಾಕೆಟ್, ಧೂಳು ತಡೆಯುವ ತಗಡು, ಎಲ್ಲವನ್ನೂ ಒಂದೇ ಕಾರಿನಿಂದ ಒಟ್ಟಿಗೆ ತನ್ನಿ. ಒಂದು ಇಲ್ಲಿಂದ, ಒಂದು ಅಲ್ಲಿಂದ ತಂದು, ಬ್ರಾಕೆಟ್ಟನ್ನು ವೆಲ್ಡಿಂಗ್ ಮಾಡಿಸಿ ಕೂರಿಸಬೇಡಿ. ಬ್ರೇಕ್ ಒತ್ತಿದಾಗ ಇಡೀ ಕಾರಿನ ತಳ್ಳಾಟ ಆ ಎರಡು ಬೋಲ್ಟಿನ ಮೇಲೆ ನಿಲ್ಲುತ್ತದೆ.

ಚಕ್ರ ಕೂರುತ್ತದಾ ಅಂತ ಸಾಮಾನು ತರುವ ಮೊದಲೇ ನೋಡಿ. 13 ಇಂಚಿನ ಚಕ್ರದೊಳಗೆ ಸುಮಾರು 240 ಮಿಮೀ ಡಿಸ್ಕ್ ಹಿಡಿಸುವುದೇ ಕಷ್ಟ. ಕ್ಯಾಲಿಪರ್ ಚಕ್ರದ ಅಂಚಿಗೆ ತಾಗದಿದ್ದರೂ ಮುಖಕ್ಕೆ ತಾಗಬಹುದು. ಹಬ್‌ನ ದಪ್ಪ ಬದಲಾದರೆ ಚಕ್ರ ಹೊರಗೆ ಬಂದು ಫೆಂಡರಿಗೆ ಉಜ್ಜಬಹುದು. ಸ್ಟೀರಿಂಗನ್ನು ಪೂರ್ತಿ ಎರಡೂ ಕಡೆ ತಿರುಗಿಸಿ ನೋಡಿ.

ಪೈಪಿನ ನಟ್ಟಿನಲ್ಲಿ ದೊಡ್ಡ ಮೋಸ ಇದೆ. 10 ಮಿಮೀ ಮೆಟ್ರಿಕ್ ನಟ್ ಮತ್ತು 3/8 ಇಂಚಿನ ನಟ್ ನೋಡಲು ಒಂದೇ ಥರ. ಒಂದರೊಳಗೆ ಇನ್ನೊಂದು ಎರಡು ಸುತ್ತು ಹೋಗಿಯೂ ಬಿಡುತ್ತದೆ. ಆಮೇಲೆ ಥ್ರೆಡ್ ಕೆಡುತ್ತದೆ, ಅಥವಾ ಹಿಡಿದ ಹಾಗೆ ಕಂಡು ಒತ್ತಡ ಬಂದಾಗ ಬಿಡುತ್ತದೆ. ಬೆರಳಿನಲ್ಲೇ ಸಲೀಸಾಗಿ ಪೂರ್ತಿ ಹೋಗದ ನಟ್ಟಿಗೆ ಸ್ಪ್ಯಾನರ್ ಹಾಕಲೇಬೇಡಿ. ಪೈಪಿನ ತುದಿಯ ಅರಳೂ ಬೇರೆ ಬೇರೆ ಬಗೆ ಇದೆ, ಹಳೆಯದರ ಪಕ್ಕ ಹೊಸದನ್ನು ಇಟ್ಟು ಹೋಲಿಸಿ. ಹೊಸ ಪೈಪ್ ಹಾಕುವುದಾದರೆ ತಾಮ್ರ-ನಿಕಲ್ ಮಿಶ್ರಲೋಹದ್ದು ಹಾಕಿ, ಸುಲಭವಾಗಿ ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ.

ಕ್ಯಾಲಿಪರ್ ಕೂರಿಸುವಾಗ ಒಳಗಿನ ಗಾಳಿ ಹೊರಗೆ ಬಿಡುವ ಬ್ಲೀಡ್ ನಿಪ್ಪಲ್ ಮೇಲ್ಗಡೆ ಬರಬೇಕು. ಎಡದ್ದು ಬಲಕ್ಕೆ ಹಾಕಿದರೂ ಎಷ್ಟೋ ಕ್ಯಾಲಿಪರ್ ಚೆನ್ನಾಗಿಯೇ ಕೂರುತ್ತದೆ. ಆದರೆ ನಿಪ್ಪಲ್ ಕೆಳಗೆ ಹೋಗುತ್ತದೆ, ಗಾಳಿ ಮೇಲೆ ಸಿಕ್ಕಿಕೊಳ್ಳುತ್ತದೆ. ದಿನವಿಡೀ ಏರ್ ತೆಗೆದರೂ ಪೆಡಲ್ ಗಟ್ಟಿಯಾಗುವುದಿಲ್ಲ. ನಾನೇ ಹೊಸದರಲ್ಲಿ ಒಂದು ಇಡೀ ಸಂಜೆ ಹೀಗೆ ಕಳೆದಿದ್ದೇನೆ.

ಲೆಕ್ಕದವ:

ಮಾಸ್ಟರ್ ಸಿಲಿಂಡರಿನ ಒಳಅಳತೆಯ ಬಗ್ಗೆ ನಾನು ಹೇಳಿಬಿಡುತ್ತೇನೆ, ಇಲ್ಲೇ ಜಾಸ್ತಿ ಜನ ಎಡವುವುದು. "ದೊಡ್ಡ ಬ್ರೇಕಿಗೆ ದೊಡ್ಡ ಸಿಲಿಂಡರ್" ಅಂತ ಅನಿಸುತ್ತದೆ. ಪೂರ್ತಿ ಹಾಗಲ್ಲ.

ಕಾಲಿನಲ್ಲಿ 30 ಕೆಜಿ ಬಲ ಹಾಕಿದಿರಿ, ಪೆಡಲ್ ಅದನ್ನು ಐದು ಪಟ್ಟು ಮಾಡಿತು ಅಂದುಕೊಳ್ಳಿ. ಸಿಲಿಂಡರಿಗೆ 150 ಕೆಜಿ. ಒಳಅಳತೆ 19 ಮಿಮೀ ಇದ್ದರೆ ಲೈನಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 53 ಕೆಜಿ ಒತ್ತಡ ಬರುತ್ತದೆ. ಅದೇ 22 ಮಿಮೀ ಮಾಡಿದರೆ 39ಕ್ಕೆ ಇಳಿಯುತ್ತದೆ. ಬರೀ 3 ಮಿಮೀ ಹೆಚ್ಚಿಸಿದ್ದಕ್ಕೆ ಕಾಲು ಭಾಗ ಒತ್ತಡ ಹೋಯಿತು. ಪೆಡಲ್ ಗಟ್ಟಿ ಅನಿಸುತ್ತದೆ, ಜನ "ಈಗ ಬ್ರೇಕ್ ಚೆನ್ನಾಗಿದೆ" ಅನ್ನುತ್ತಾರೆ, ಆದರೆ ಅಷ್ಟೇ ನಿಲ್ಲಿಸಲು ಕಾಲಿನಿಂದ ಜಾಸ್ತಿ ಒತ್ತಬೇಕು.

ಹಾಗಂತ ಚಿಕ್ಕದೇ ಇಟ್ಟರೆ ಇನ್ನೊಂದು ತೊಂದರೆ. ಕ್ಯಾಲಿಪರ್ ಪಿಸ್ಟನ್ ದೊಡ್ಡದು, ಅದನ್ನು ತಳ್ಳಲು ಆಯಿಲ್ ಜಾಸ್ತಿ ಬೇಕು. ಸಿಲಿಂಡರ್ ತೀರಾ ಚಿಕ್ಕದಾದರೆ ಪೆಡಲ್ ನೆಲ ಮುಟ್ಟಿದರೂ ಬೇಕಾದಷ್ಟು ಆಯಿಲ್ ಹೋಗುವುದಿಲ್ಲ. ಆದ್ದರಿಂದ ಡಿಸ್ಕ್ ಬಂದ ಆ ಮಾಡೆಲ್ಲಿಗೆ ಕಂಪನಿ ಯಾವ ಅಳತೆ ಕೊಟ್ಟಿತ್ತೋ ಅದನ್ನೇ ಹಾಕಿ. ಆಯಿಲ್ ಡಬ್ಬಿಯೂ ದೊಡ್ಡದಿರಬೇಕು. ಪ್ಯಾಡ್ ಸವೆದ ಹಾಗೆ ಪಿಸ್ಟನ್ ಹೊರಗೆ ಬಂದು ಅಲ್ಲೇ ನಿಲ್ಲುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯಿಂದಲೇ ಆಯಿಲ್ ಹೋಗಬೇಕು.

ಕಲಿಯುವವ:

ಬರೀ ಬೂಸ್ಟರ್ ಹಾಕಿದರೆ ಆಗುವುದಿಲ್ಲವಾ? ಮತ್ತೆ ಡಾಟ್ 5 ಅಂತ ಒಂದಿದೆಯಲ್ಲ, 5.1ಕ್ಕಿಂತ ಅದು ಹಳೆಯದಾ?

ಲೆಕ್ಕದವ:

ಬೂಸ್ಟರ್ ಕಾಲಿನ ಶ್ರಮ ಇಳಿಸುತ್ತದೆ, ಬಿಸಿ ತಡೆಯುವ ಶಕ್ತಿ ಕೊಡುವುದಿಲ್ಲ. ಹಳೇಗಾಡಿಯವರ ಬೆಟ್ಟದಲ್ಲಿ ಬರೀ ಬೂಸ್ಟರ್ ಇದ್ದಿದ್ದರೆ ಇನ್ನೂ ಸುಲಭವಾಗಿ ಡ್ರಮ್ ಕಾಯುತ್ತಿತ್ತು. ಆದರೆ ಡಿಸ್ಕ್ ಹಾಕಿದ ಮೇಲೆ ಬೂಸ್ಟರ್ ಇಲ್ಲದಿದ್ದರೆ ಪೆಡಲ್ ಭಾರವಾಗಬಹುದು.

ಡಾಟ್ 5 ಬೇರೆಯದೇ ವಸ್ತು, ಸಿಲಿಕೋನ್. 3, 4, 5.1 ಒಂದೇ ಜಾತಿ, ಒಂದರ ಜೊತೆ ಇನ್ನೊಂದು ಬೆರೆಯುತ್ತದೆ. ಸಿಲಿಕೋನ್ ಅವುಗಳ ಜೊತೆ ಬೆರೆಯಲೇಬಾರದು. ಅದು ಪೇಂಟ್ ತಿನ್ನುವುದಿಲ್ಲ, ನೀರು ಹೀರುವುದಿಲ್ಲ ನಿಜ. ಆದರೆ ಒಳಗೆ ಹೋದ ನೀರು ಹನಿಯಾಗಿಯೇ ತಗ್ಗಿನಲ್ಲಿ ಕೂರುತ್ತದೆ, ಅಲ್ಲೇ ತುಕ್ಕು ಹಿಡಿಸುತ್ತದೆ. ಓಡಿಸುವ ಕಾರಿಗೆ ನಾನಂತೂ ಡಾಟ್ 4 ಹಾಕಿ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ಬೆಟ್ಟದದಾರಿ:

ಬೂಸ್ಟರ್ ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ. ಒತ್ತಿ ಹಿಡಿದುಕೊಂಡೇ ಎಂಜಿನ್ ಶುರು ಮಾಡಿ. ಪೆಡಲ್ ಕಾಲಿನಡಿ ಸ್ವಲ್ಪ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.

ಗೇರ್‌ಗೆಳತಿ:

ಬ್ರೇಕ್ ವ್ಯವಸ್ಥೆ ಬದಲಿಸಿದ್ದನ್ನು ನಿಮ್ಮಲ್ಲಿ ಸಾರಿಗೆ ಇಲಾಖೆಗೆ ತಿಳಿಸಬೇಕಾ, ವಿಮೆಯವರಿಗೆ ಹೇಳಬೇಕಾ ಅಂತ ಕೆಲಸ ಶುರು ಮಾಡುವ ಮೊದಲೇ ಕೇಳಿಕೊಳ್ಳಿ.

ಹಳೇಗಾಡಿ:

ಮೂರು ವಾರ ಆಯಿತು. ವಿಮೆಯವರಿಗೆ ಪತ್ರ ಕೊಟ್ಟು ಶುರು ಮಾಡಿದೆ. ಮುಂದೆ ಡಿಸ್ಕ್, ಹೊಸ ಹೋಸ್, ಹೊಸ ಪೈಪ್, ಬೂಸ್ಟರ್, ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್. ಹಿಂದೆ ಹೊಸ ವೀಲ್ ಸಿಲಿಂಡರ್, ಹೊಸ ಲೈನರ್, ಅಡ್ಜಸ್ಟರ್ ಬಿಡಿಸಿ ಗ್ರೀಸ್ ಹಾಕಿದೆ. ಡಾಟ್ 4. ಪೆಡಲ್ ಎತ್ತರದಲ್ಲಿದೆ, ಗಟ್ಟಿಯಾಗಿದೆ. ಇಷ್ಟೆಲ್ಲ ಸರಿ ಹೋಯಿತು ಅಂತ ಖುಷಿಯಲ್ಲಿದ್ದೆ.

ಇವತ್ತು ಬೆಳಿಗ್ಗೆ 3 ಕಿಮೀ ಓಡಿಸಿದೆ. ಕಾರು ಭಾರವಾಯಿತು. ಸಮತಟ್ಟು ರಸ್ತೆಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಯಾರೋ ಹಿಂದಿನಿಂದ ಎಳೆದ ಹಾಗೆ ನಿಲ್ಲುತ್ತದೆ. ಇಳಿದು ನೋಡಿದರೆ ಮುಂದಿನ ಎರಡೂ ಚಕ್ರದಿಂದ ಬಿಸಿ ಹೊಡೆಯುತ್ತಿದೆ. ತಣಿದ ಮೇಲೂ ಜ್ಯಾಕ್ ಹಾಕಿ ತಿರುಗಿಸಿದರೆ ಬಿಗಿ. ಏನು ತಪ್ಪು ಮಾಡಿದೆ?

ಗ್ರೀಸ್‌ಕೈ:

ಓಡಿಸಬೇಡಿ, ಅಲ್ಲೇ ನಿಲ್ಲಿಸಿ. ಒತ್ತಡ ಒಳಗೇ ಸಿಕ್ಕಿಕೊಂಡಿದೆಯಾ, ಕ್ಯಾಲಿಪರ್ ಜಾಮ್ ಆಗಿದೆಯಾ ಅನ್ನುವುದು ಮೊದಲು ಗೊತ್ತಾಗಬೇಕು.

ಚಕ್ರ ಬಿಗಿಯಾಗಿರುವಾಗಲೇ ಬ್ಲೀಡ್ ನಿಪ್ಪಲ್ ಅರ್ಧ ಸುತ್ತು ಬಿಡಿಸಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಸಿಕ್ಕಿಕೊಂಡಿದೆ ಅಂತ ಅರ್ಥ. ಸಡಿಲವಾಗದಿದ್ದರೆ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಜಾಮ್. ಒತ್ತಡ ಅಂತ ಗೊತ್ತಾದರೆ ನಿಪ್ಪಲ್ ಮುಚ್ಚಿ, ಮತ್ತೆ ಪೆಡಲ್ ಒತ್ತಿ ಬಿಡಿ. ಈ ಸಲ ಮಾಸ್ಟರ್ ಸಿಲಿಂಡರಿನ ಹತ್ತಿರ ಮುಂದಿನ ಲೈನಿನ ನಟ್ ಸ್ವಲ್ಪ ಸಡಿಲಿಸಿ. ಅಲ್ಲಿ ಬಿಡಿಸಿದಾಗ ಚಕ್ರ ಸಡಿಲವಾದರೆ ತಪ್ಪು ಸಿಲಿಂಡರಿನದು. ಆಗದಿದ್ದರೆ ಮಧ್ಯದ ಹೋಸ್ ಅಥವಾ ಪೈಪ್ ಕಟ್ಟಿದೆ. ಎರಡೂ ಚಕ್ರ ಒಟ್ಟಿಗೆ ಹಿಡಿದಿರುವುದರಿಂದ ನನಗೆ ಸಿಲಿಂಡರಿನ ಮೇಲೇ ಅನುಮಾನ.

ಕೆಳಗೆ ಬಟ್ಟೆ ಹಾಕಿ. ಆ ಆಯಿಲ್ ಪೇಂಟ್ ಸುಲಿದುಬಿಡುತ್ತದೆ.

ಲೆಕ್ಕದವ:

ಸಿಲಿಂಡರಿನ ಪಿಸ್ಟನ್ ತಳ್ಳುವ ಬೂಸ್ಟರಿನ ಪುಶ್ ರಾಡ್ ಉದ್ದವಾಗಿದ್ದರೂ ಹೀಗೇ ಆಗುತ್ತದೆ. ರಾಡ್ ಮತ್ತು ಪಿಸ್ಟನ್ ನಡುವೆ ಚೂರು ಜಾಗ ಇರಬೇಕು. ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಡಬ್ಬಿಗೆ ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಆಯಿಲ್ ಕಾದು ಹಿಗ್ಗಿದರೆ ವಾಪಸ್ ಹೋಗಲು ದಾರಿ ಇಲ್ಲ, ಬ್ರೇಕ್ ತಾನೇ ಒತ್ತಿಕೊಳ್ಳುತ್ತದೆ. ಸಿಲಿಂಡರ್ ಅಂತ ಬಂದರೆ ಎರಡು ನಟ್ ಸಡಿಲಿಸಿ ಅದನ್ನು ಬೂಸ್ಟರಿನಿಂದ ಸ್ವಲ್ಪ ಮುಂದೆ ತನ್ನಿ. ಆಗ ಚಕ್ರ ಬಿಟ್ಟರೆ ರಾಡಿನದೇ ತಪ್ಪು.

ಹಳೇಗಾಡಿ:

ಎಲ್ಲ ಮಾಡಿದೆ. ನಿಪ್ಪಲ್ ಬಿಡಿಸಿದಾಗ ಆಯಿಲ್ ಚಿಮ್ಮಿತು, ಚಕ್ರ ಸಡಿಲವಾಯಿತು. ಸಿಲಿಂಡರಿನ ನಟ್ ಬಿಡಿಸಿದಾಗಲೂ ಸಡಿಲವಾಯಿತು. ಸಿಲಿಂಡರ್ ಮುಂದೆ ತಂದರೆ ಏನೂ ಬದಲಾಗಲಿಲ್ಲ. ಹಾಗಾಗಿ ರಾಡ್ ಅಲ್ಲ.

ಒಂದು ವಿಷಯ ಹೇಳಲು ಮರೆತಿದ್ದೆ. ಡಿಸ್ಕ್ ಮಾಡೆಲ್ಲಿನ ಮಾಸ್ಟರ್ ಸಿಲಿಂಡರ್ ಸಿಗಲಿಲ್ಲ. ಅದೇ ಕಾರಿನ ನಾಲ್ಕು ಡ್ರಮ್ಮಿನ ಮಾಡೆಲ್ಲಿನದು ಹೊಸದು ಸಿಕ್ಕಿತು. ಎರಡು ಸರ್ಕ್ಯೂಟ್, ಅದೇ ಒಳಅಳತೆ, ಅದೇ ಬೋಲ್ಟ್. ನೋಡಲು ಒಂದೇ ಥರ ಇತ್ತು.

ಗ್ರೀಸ್‌ಕೈ:

ಸಿಕ್ಕಿತು. ಇದನ್ನು ಮೊದಲೇ ಹೇಳದಿದ್ದದ್ದು ನನ್ನ ತಪ್ಪು, ಕ್ಷಮಿಸಿ.

ಡ್ರಮ್ಮಿನ ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ಹೊರಗೆ ಹೋಗುವ ತೂತಿನ ಹಿಂದೆ ಒಂದು ಪುಟ್ಟ ರಬ್ಬರ್ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಅದು ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುತ್ತದೆ, ಸುಮಾರು 0.7 ಬಾರ್. ಡ್ರಮ್ಮಿಗೆ ಅದು ಬೇಕು. ವೀಲ್ ಸಿಲಿಂಡರಿನ ರಬ್ಬರ್ ಕಪ್ ಅಗಲವಾಗಿ ಅಂಟಿಕೊಂಡಿರುತ್ತದೆ, ಗಾಳಿ ಒಳಗೆ ಬರುವುದಿಲ್ಲ. ಶೂಗಳನ್ನು ವಾಪಸ್ ಎಳೆಯಲು ಬಲವಾದ ಸ್ಪ್ರಿಂಗ್ ಇರುವುದರಿಂದ ಆ ಒತ್ತಡದಿಂದ ಬ್ರೇಕ್ ಹಿಡಿಯುವುದಿಲ್ಲ. ಡಿಸ್ಕಿನಲ್ಲಿ ಸ್ಪ್ರಿಂಗ್ ಎಲ್ಲಿದೆ? ಪಿಸ್ಟನ್ ಸುತ್ತ ಇರುವ ರಬ್ಬರ್ ರಿಂಗ್ ಚೂರು ತಿರುಚಿಕೊಂಡು ವಾಪಸ್ ಬರುವುದೇ ಅದರ ಸ್ಪ್ರಿಂಗ್. 0.7 ಬಾರ್ ಇದ್ದರೆ ಪ್ಯಾಡ್ ಡಿಸ್ಕನ್ನು ಬಿಡುವುದೇ ಇಲ್ಲ. ಉಜ್ಜಿ ಕಾಯುತ್ತದೆ, ಕಾದು ಇನ್ನೂ ಬಿಗಿಯಾಗುತ್ತದೆ.

ಸಿಲಿಂಡರ್ ಬಿಚ್ಚಿ. ಮುಂದಿನ ಲೈನಿನ ತೂತಿನ ವಾಲ್ವ್ ಮಾತ್ರ ತೆಗೆಯಿರಿ. ಹಿಂದಿನದು ಹಾಗೇ ಇರಲಿ, ಅಲ್ಲಿ ಡ್ರಮ್ ಇದೆಯಲ್ಲ. ಯಾವ ತೂತು ಯಾವ ಲೈನಿಗೆ ಅಂತ ಎರಡು ಸಲ ನೋಡಿ. ಆ ವಾಲ್ವ್ ಪೈಪ್ ಕೂರುವ ಸೀಟಿನ ಹಿಂದೆ ಇರುತ್ತದೆ. ಸೀಟ್ ತೆಗೆದರೆ ಹೊಸ ಸೀಟೇ ಹಾಕಬೇಕು. ಕೈ ಪಳಗಿದವರ ಹತ್ತಿರ ಮಾಡಿಸುವುದು ಒಳ್ಳೆಯದು.

ಪ್ಯಾಡ್ ಕಾದು ಬಣ್ಣ ಬದಲಾಗಿದ್ದರೆ ಅದನ್ನೂ ಬದಲಿಸಿ.

ಬೆಟ್ಟದದಾರಿ:

ಏರ್ ತೆಗೆಯುವಾಗ ಪೆಡಲ್ಲಿನ ಕೆಳಗೆ ಒಂದು ಮರದ ತುಂಡು ಇಡಿ. ಹೊಸ ಸಿಲಿಂಡರಿಗೆ ಅಷ್ಟು ಭಯವಿಲ್ಲ, ಆದರೆ ಓದುತ್ತಿರುವ ಬೇರೆಯವರಿಗಾಗಿ ಹೇಳುತ್ತಿದ್ದೇನೆ. ಹಳೇ ಸಿಲಿಂಡರಿನಲ್ಲಿ ದಿನಾ ಓಡಾಡದ ಜಾಗಕ್ಕೆ ತುಕ್ಕು ಹಿಡಿದಿರುತ್ತದೆ. ಪೆಡಲ್ ನೆಲದವರೆಗೆ ತುಳಿದರೆ ರಬ್ಬರ್ ಸೀಲ್ ಅಲ್ಲಿಗೆ ಹೋಗಿ ಹರಿಯುತ್ತದೆ. ಏರ್ ತೆಗೆದ ಮಾರನೇ ದಿನ ಸಿಲಿಂಡರ್ ಹೋಯಿತು ಅಂತ ಎಷ್ಟೋ ಜನ ಹೇಳುವುದು ಇದೇ ಕಾರಣಕ್ಕೆ.

ಹಳೇಗಾಡಿ:

ವಾಲ್ವ್ ತೆಗೆಸಿದೆ. ಹೊಸ ಪ್ಯಾಡ್. 10 ಕಿಮೀ ಓಡಿಸಿದೆ, ಚಕ್ರ ತಣ್ಣಗಿದೆ. ಕೈಯಲ್ಲಿ ತಳ್ಳಿದರೆ ಕಾರು ಹೋಗುತ್ತದೆ. ಗ್ರೀಸ್‌ಕೈ ಅಣ್ಣ, ನಿಮ್ಮ ಋಣ ದೊಡ್ಡದು.

ನಿನ್ನೆ ಮಳೆ ನಿಂತ ಮೇಲೆ ಖಾಲಿ ಮೈದಾನದಲ್ಲಿ ಗಟ್ಟಿಯಾಗಿ ಒತ್ತಿ ನೋಡಿದೆ. ತಮ್ಮ ಹೊರಗೆ ನಿಂತು ಚಕ್ರ ನೋಡಿದ. ಮುಂದಿನದು ಮೊದಲು ಲಾಕ್ ಆಯಿತು. ಸರಿಯಿದೆ ಅಲ್ವಾ?

ಲೆಕ್ಕದವ:

ಒದ್ದೆಯಲ್ಲಿ ಸರಿ ಕಂಡರೆ ಮುಗಿಯಲಿಲ್ಲ. ಒಣ ನೆಲದಲ್ಲಿ ಮತ್ತೆ ನೋಡಿ.

ಕಾರಣ ಹೇಳುತ್ತೇನೆ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ. 1000 ಕೆಜಿ ಕಾರು, ನಿಂತಾಗ ಮುಂದೆ 550, ಹಿಂದೆ 450 ಅಂದುಕೊಳ್ಳಿ. ಎರಡು ಆಕ್ಸಲ್ ನಡುವೆ 2.4 ಮೀಟರ್, ಭಾರದ ಕೇಂದ್ರ ನೆಲದಿಂದ 55 ಸೆಂಮೀ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಹಿಡಿದಾಗ ಸುಮಾರು 180 ಕೆಜಿ ಮುಂದಕ್ಕೆ ಹೋಗುತ್ತದೆ. ಹಿಂದೆ ಉಳಿಯುವುದು 270 ಅಷ್ಟೇ. ಒದ್ದೆಯಲ್ಲಿ ಕಾರು ಅಷ್ಟು ಬೇಗ ನಿಲ್ಲುವುದಿಲ್ಲ, ಭಾರ ಅಷ್ಟು ವಾಲುವುದಿಲ್ಲ, ಹಿಂದಿನ ಟಯರ್ ನೆಲ ಕಚ್ಚಿಕೊಂಡಿರುತ್ತದೆ. ಹಾಗಾಗಿ ಹಿಂದಿನ ಬ್ರೇಕ್ ಜಾಸ್ತಿ ಇದ್ದರೂ ಒದ್ದೆಯಲ್ಲಿ ಗೊತ್ತಾಗುವುದಿಲ್ಲ.

ನಿಮ್ಮ ಕಾರಿನಲ್ಲಿ ಹೀಗಾಗುವ ಸಾಧ್ಯತೆ ಜಾಸ್ತಿ. ಮೊದಲು ನಾಲ್ಕೂ ಡ್ರಮ್ ಇತ್ತು, ಈಗ ಮುಂದೆ ಡಿಸ್ಕ್. ಡಿಸ್ಕಿಗೆ ಜಾಸ್ತಿ ಒತ್ತಡ ಬೇಕು, ಅದೇ ಒತ್ತಡ ಹಿಂದಿನ ಡ್ರಮ್ಮಿಗೂ ಹೋಗುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಕಾರು ನೇರ ಜಾರುತ್ತದೆ, ಪೆಡಲ್ ಸ್ವಲ್ಪ ಬಿಟ್ಟರೆ ಸ್ಟೀರಿಂಗ್ ವಾಪಸ್ ಸಿಗುತ್ತದೆ. ಹಿಂದಿನದು ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿಯುವುದು ಬಹಳ ಕಷ್ಟ.

ಖಾಲಿ ಜಾಗ, ನೇರ ಓಟ, 40 ಕಿಮೀ ಸಾಕು. ಸೀಟ್ ಬೆಲ್ಟ್ ಹಾಕಿ. ತಮ್ಮ ದೂರ ನಿಲ್ಲಲಿ.

ಹಳೇಗಾಡಿ:

ನೀವು ಹೇಳಿದ್ದೇ ಆಯಿತು. ಒಣ ನೆಲದಲ್ಲಿ ಹಿಂದಿನ ಎರಡೂ ಚಕ್ರ ಮೊದಲು ಲಾಕ್. ಕಾರಿನ ಹಿಂಭಾಗ ಒಂದು ಮಾರು ಪಕ್ಕಕ್ಕೆ ಹೋಯಿತು. 40ರಲ್ಲೇ ಎದೆ ಡವಡವ ಅಂದಿತು. ರಸ್ತೆಯಲ್ಲಿ 80ರಲ್ಲಿ ಆಗಿದ್ದರೆ ಏನು ಗತಿ?

ಗ್ರೀಸ್‌ಕೈ:

ಹಿಂದಿನ ಲೈನಿಗೆ ಒತ್ತಡ ಇಳಿಸುವ ಪ್ರಪೋರ್ಷನಿಂಗ್ ವಾಲ್ವ್ ಹಾಕಿ. ತಿರುಗಿಸಿ ಹೊಂದಿಸುವಂಥದ್ದು ಸಿಗುತ್ತದೆ. ಹಿಂದಿನ ಲೈನಿಗೆ ಮಾತ್ರ, ಮುಂದಿನದಕ್ಕೆ ಬೇಡ. ಹಿಂದಿನ ಒತ್ತಡ ಪೂರ್ತಿ ಕಡಿಮೆ ಇರುವ ಕಡೆಯಿಂದ ಶುರು ಮಾಡಿ. ಒಂದೊಂದು ಸುತ್ತು ಹೆಚ್ಚಿಸಿ ನೋಡುತ್ತಾ ಹೋಗಿ. ಒಣ ನೆಲದಲ್ಲಿ ಹಿಂದಿನದು ಲಾಕ್ ಆಗಲು ಶುರುವಾದ ಜಾಗದಿಂದ ಹಿಂದಕ್ಕೆ ಬಂದು ನಿಲ್ಲಿಸಿ. ಆಮೇಲೆ ಅದನ್ನು ಯಾರೂ ಮುಟ್ಟದ ಹಾಗೆ ಲಾಕ್ ನಟ್ ಬಿಗಿ ಮಾಡಿ.

ಹೊಸ ಪ್ಯಾಡ್ ಕೂರಿಸುವುದನ್ನೂ ಮರೆಯಬೇಡಿ. 50ರಿಂದ 10ರವರೆಗೆ ಮಧ್ಯಮ ಒತ್ತಡದಲ್ಲಿ ಹತ್ತಿಪ್ಪತ್ತು ಸಲ ಇಳಿಸಿ, ಮಧ್ಯೆ ತಣಿಯಲು ಸ್ವಲ್ಪ ಓಡಿಸಿ. ಬಿಸಿ ಇರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬೇಡಿ. ಪ್ಯಾಡಿನ ವಸ್ತು ಒಂದೇ ಜಾಗಕ್ಕೆ ಮೆತ್ತಿಕೊಳ್ಳುತ್ತದೆ, ಆಮೇಲೆ ಸ್ಟೀರಿಂಗ್ ನಡುಗುತ್ತದೆ, ಜನ ಡಿಸ್ಕ್ ಬೆಂಡ್ ಆಯಿತು ಅನ್ನುತ್ತಾರೆ.

ಹಳೇಗಾಡಿ:

ಎಲ್ಲ ಮುಗಿಯಿತು. ವಾಲ್ವ್ ಹಾಕಿ, ಎರಡು ಭಾನುವಾರ ಮೈದಾನದಲ್ಲೇ ಕಳೆದೆ. ಈಗ ಒಣ ನೆಲದಲ್ಲೂ ಒದ್ದೆಯಲ್ಲೂ ಮುಂದಿನದೇ ಮೊದಲು ಲಾಕ್ ಆಗುತ್ತದೆ. ಕಾರು ನೇರ ನಿಲ್ಲುತ್ತದೆ.

ಇವತ್ತು ಒಬ್ಬನೇ ಅದೇ ಬೆಟ್ಟ ಇಳಿದೆ. ಎರಡು ಮತ್ತು ಮೂರನೇ ಗೇರಿನಲ್ಲಿ. ತಿರುವಿನ ಮೊದಲು ಒಂದು ಸಲ ಗಟ್ಟಿಯಾಗಿ ಒತ್ತಿ, ಬಿಟ್ಟು, ತಣಿಯಲು ಬಿಡುತ್ತಿದ್ದೆ. ಕೆಳಗೆ ಬಂದು ದೂರದಿಂದ ಬಿಸಿ ಅಳೆಯುವ ಥರ್ಮಾಮೀಟರ್ ಹಿಡಿದೆ. ಎಡ ಡಿಸ್ಕ್ 142 ಡಿಗ್ರಿ, ಬಲ 147. ಪೆಡಲ್ ಮೇಲಿದ್ದಷ್ಟೇ ಎತ್ತರದಲ್ಲಿತ್ತು. ಅವತ್ತು ನಿಲ್ಲಿಸಿದ್ದ ಅದೇ ಪಕ್ಕದಲ್ಲಿ ಇವತ್ತೂ ಸ್ವಲ್ಪ ಹೊತ್ತು ನಿಲ್ಲಿಸಿದೆ.

ಬೆಟ್ಟದದಾರಿ:

ಎರಡೂ ಕಡೆ ಇಷ್ಟು ಹತ್ತಿರ ಇರುವುದು ಒಳ್ಳೆಯ ಲಕ್ಷಣ. ನಾನು ಡ್ರಮ್ ಬಿಡುವುದಿಲ್ಲ, ಆದರೆ ನೀವು ಮಾಡಿದ ರೀತಿ ಮನಸ್ಸಿಗೆ ಹಿಡಿಸಿತು. ಇನ್ನು 500 ಕಿಮೀ ಆದ ಮೇಲೆ ಹಿಂದಿನ ಹೊಸ ಲೈನರ್ ಕೂತಿರುತ್ತದೆ, ಆಗ ಇನ್ನೊಮ್ಮೆ ಅಡ್ಜಸ್ಟ್ ಮಾಡಿ. ಎಲ್ಲ ನಟ್ಟಿಗೂ ಒಂದು ಸಲ ಒಣ ಬಟ್ಟೆ ಒತ್ತಿ ಒಸರು ಇದೆಯಾ ನೋಡಿ.

ಹಳೇಗಾಡಿ:

ಖಂಡಿತ ಸರ್. ಆಯಿಲ್ ಬದಲಿಸಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿದ್ದೇನೆ. ಅಮ್ಮ ಮುಂದಿನ ವಾರ ಜೊತೆಗೆ ಬರುತ್ತೇನೆ ಅಂದಿದ್ದಾರೆ.